ಒದ್ದೆ ಮೂಲೆ

ಮೈದಾನದ ಮಾಲಿ ಹುಲ್ಲಿನ ಕಿವಿಯಲ್ಲಿ ಒಂದು ಮಾತು ಉಸುರಿದರೆ ಸಾಕು, ಹನ್ನೊಂದು ಕೋಟಿ ಎಸಳುಗಳು ಒಟ್ಟಿಗೆ ಎದ್ದು ನಿಂತು ಎದುರಾಳಿಗಳ ಬೂಟಿನ ದಾರ ಬಿಚ್ಚುತ್ತಿದ್ದವು. ಇದನ್ನು ಹೇಳಿದವನು ಸ್ವತಃ ಮಾಲಿಯೇ, ಹಾಗಾಗಿ ಅನುಮಾನಕ್ಕೆ ಎಡೆಯೇ ಇಲ್ಲ. ಖಂಡದ ಫುಟ್‌ಬಾಲ್ ಕ್ಲಬ್ ಕಪ್ ಎಂದರೆ ಸೋತವರು ಅಂದೇ ಗಂಟುಮೂಟೆ ಕಟ್ಟಬೇಕಾದ ಪಂದ್ಯಾವಳಿ. ಅದರಲ್ಲಿ ಮಾಲಿಯ ಬಡ ಕ್ಲಬ್ಬು ಕೊನೆಯ ಎಂಟು ತಂಡಗಳಲ್ಲಿ ಒಂದಾದದ್ದು ಆಟಗಾರರ ಕಾಲಿನಿಂದ ಎಂದು ಊರು ನಂಬಿತ್ತು. ಪಾಪ, ಊರಿಗೇನು ಗೊತ್ತು?

ಮೊದಲ ಸುತ್ತಿನಲ್ಲಿ ಬಂದವರು ಚೆಂಡನ್ನು ನೆಲದ ಮೇಲೇ ಜಾರಿಸಿ ಆಡುವ ಜಾಣರು. ಮಾಲಿ ಹುಲ್ಲು ಕತ್ತರಿಸಲೇ ಇಲ್ಲ. ಅವರ ಗೋಲ್‌ಕೀಪರ್ ಮಧ್ಯಂತರದವರೆಗೂ ಚೆಂಡು ಹುಡುಕುತ್ತಿದ್ದನಂತೆ. ಎರಡನೆಯ ಸುತ್ತಿಗೆ ಬಂದವರು ತಾಳೆಮರದಂಥ ಆಳುಗಳು. ಮಾಲಿ ಮೂರು ದಿನ ರೋಲರ್ ಎಳೆದು ನೆಲವನ್ನು ಕಲ್ಲಾಗಿಸಿದ. ಪುಟಿದ ಚೆಂಡಿಗೆ ತಲೆಕೊಡಲು ಜಿಗಿದ ಅವರ ಇಬ್ಬರು ಡಿಫೆಂಡರುಗಳು ಇನ್ನೂ ಕೆಳಗಿಳಿದಿಲ್ಲ.

ಮೂರನೆಯ ಪಂದ್ಯದ ಕಥೆಯನ್ನು ಮಾತ್ರ ಆತ ಎಲ್ಲೂ ಹೇಳುತ್ತಿರಲಿಲ್ಲ. ಆ ಪಂದ್ಯದ ಹನ್ನೆರಡನೆಯ ನಿಮಿಷದಲ್ಲಿ ಅವನ ಅಕ್ಕನ ಮಗ, ತಂಡದ ಬಲಪಕ್ಕದ ಓಟಗಾರ, ಮೂಲೆಯಲ್ಲಿ ಜಾರಿ ಬಿದ್ದು ಮಂಡಿ ಮುರಿದುಕೊಂಡಿದ್ದ. ತಂಡವೂ ಸೋತು ಹೊರಬಿದ್ದಿತ್ತು. ಆ ಮೂಲೆಗೆ ನೀರು ಬಿಟ್ಟವನು ಮಾಲಿಯೇ. ಅದು ಅವನೊಬ್ಬನಿಗೇ ಗೊತ್ತಿತ್ತು.

ಇವತ್ತು ಅಕ್ಕನ ಅಡುಗೆಮನೆಯಲ್ಲಿ ಆ ಸೋದರಳಿಯ ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿದ್ದ. ಎದುರಿಗೆ ಕ್ಲಬ್ಬಿನ ಕಾರ್ಯದರ್ಶಿ ಕಳಿಸಿದ ಕಾಗದ. ಕೋಚ್ ಬೇಡವೆಂದರೂ ಅಡಿಯಲ್ಲಿ ಗಿಡ್ಡ ಸ್ಟಡ್ಡಿನ ಮೊಳೆಗಳಿದ್ದ ಬೂಟು ಹಾಕಿದ್ದರಿಂದ ಬಿದ್ದೆ, ತಪ್ಪು ನನ್ನದೇ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿಯ ಜಾಗ ಖಾಲಿ. ಸಹಿ ಬಿದ್ದರೆ ಎರಡನೆಯ ಆಪರೇಷನ್ ಮಾಡಿಸುವ ಹೊಣೆ ಕ್ಲಬ್ಬಿಗಿಲ್ಲ. ಆ ಆಪರೇಷನ್ ಆಗದಿದ್ದರೆ ಅಳಿಯ ಇನ್ನು ಓಡುವ ಮಾತೇ ಇಲ್ಲ.

"ಹಾಕ್ತೀನಿ ಬಿಡಮ್ಮ," ಎಂದ ಅಳಿಯ. "ನೆಲ ಒಣಗಿದೆ, ಗಿಡ್ಡದು ಸಾಕು ಅಂದ್ಕೊಂಡಿದ್ದು ನಾನೇ ತಾನೆ?"

"ಒಂದಿನ ತಡಿಯೋ," ಅಕ್ಕ ಈರುಳ್ಳಿ ಹೆಚ್ಚುತ್ತಲೇ ಹೇಳಿ, ಅಲ್ಲೇ ಕೂತಿದ್ದ ಮಾಲಿಯತ್ತ ತಿರುಗಿದಳು. "ಲೋ, ನೀನಾದ್ರೂ ಹೇಳೋ ಇವನಿಗೆ. ಊರಿಗೆಲ್ಲ ಬಾಯಿ, ಇಲ್ಲಿ ಬಂದ್ರೆ ಬೀಗ."

ಮಾಲಿಗೆ ಹೇಳಲು ಒಂದೇ ಮಾತಿತ್ತು. ಅದನ್ನು ತಡೆಯಲು ಅವನು ಬೇರೆ ಮಾತುಗಳನ್ನು ಮುಂದೆ ಬಿಟ್ಟ. ಗೋಲ್‌ಕೀಪರನನ್ನು ಮತ್ತೆ ಹುಲ್ಲಿನಲ್ಲಿ ಹುಡುಕಾಡಿಸಿದ. ತಾಳೆಮರದವರನ್ನು ಮತ್ತೆ ಆಕಾಶಕ್ಕೆ ಕಳಿಸಿದ.

ಅಳಿಯ ನಕ್ಕ. ತಿಂಗಳುಗಳ ಮೇಲೆ ನಕ್ಕಿದ್ದ. "ಮಾವ, ಹೋದ್ಸಲ ಒಬ್ಬನೇ ಹಾರಿದ್ದ. ಈಗ ಇಬ್ಬರು!"

"ನೀನು ಓಡ್ತಿದ್ದೆಯಲ್ಲ, ಸರಿಯಾಗಿ ನೋಡಿಲ್ಲ."

"ಇವನ ಬಾಯಿಗೆ ಮೊದ್ಲು ರೋಲರ್ ಹಾಕ್ಬೇಕು," ಎಂದಳು ಅಕ್ಕ. ಅವಳೂ ನಗುತ್ತಿದ್ದಳು.

ಆ ನಗು ಮಾಲಿಯ ತಲೆಗೇರಿತು. ಹೊಗಳಿಕೆಗೆ ಹಸಿದ ನಾಲಿಗೆ ಯಜಮಾನನ ಅಪ್ಪಣೆ ಕೇಳುತ್ತದೆಯೇ? "ಇದೇನು ಮಹಾ! ಮೂರನೇ ಮ್ಯಾಚಲ್ಲಿ ಎದುರಾಳಿಗಳ ಬಲಗಡೆ ಓಟಗಾರ ಇದ್ನಲ್ಲ, ಕುದುರೆ ಅಂತಿದ್ರು. ಗಡಿಯಾರದ ಕಡೆ ಮೂಲೆಗೆ ಬಂದಿದ್ರೆ ಸೊಂಟದವರೆಗೆ ಹೂತು ಹೋಗ್ತಿದ್ದ! ಯಾವಾಗ್ಲೂ ಮೊದಲರ್ಧ ಆ ಗೋಲು ನಾವು ತಾನೆ ಕಾಯೋದು? ಹಾಳಾದೋರು ಟಾಸ್ ಗೆದ್ದು ಕಡೆ ಬದಲಿಸ್..."

ಮಾತು ಅಲ್ಲಿಗೇ ನಿಂತಿತು. ಅಕ್ಕನ ಕೈಯಲ್ಲಿ ಚಾಕು ಕೂಡ.

"ಯಾವ ಮೂಲೆ ಮಾವ?"

"ಏನಿಲ್ಲ ಕಣೋ. ತಮಾಷೆ."

"ಗಡಿಯಾರದ ಕಡೆ. ಬಲಗಡೆ. ನಾನು ಬಿದ್ದ ಮೂಲೆ."

ಮಾಲಿ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಮಣ್ಣು. ಯಾವ ಸಾಬೂನಿಗೂ ಹೋಗದ ಮಣ್ಣು ಎಂದು ಅವನು ಜಂಬ ಕೊಚ್ಚುತ್ತಿದ್ದ ಮಣ್ಣು.

"ಮಧ್ಯಾಹ್ನ ಪಂದ್ಯಾವಳಿಯೋರ ಪರಿವೀಕ್ಷಕ ಬಂದು ನೆಲ ಒಣಗಿದೆ ಅಂತ ಬರ್ಕೊಂಡು ಊಟಕ್ಕೆ ಹೋದ. ಆಮೇಲೆ ಒಂದು ಹನಿನೂ ಬಿಡೋ ಹಾಗಿಲ್ಲ. ನಾನು ಬಿಟ್ಟೆ."

"ಕೋಚ್ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲ. ಗೆದ್ದ ಮೇಲೆ ಹೇಳ್ಕೊಳ್ಳೋಣ ಅಂತ..."

ಅಕ್ಕ ಕೂತಳು. ಅಳಿಯ ಕಾಲನ್ನು ಎರಡು ಕೈಯಲ್ಲಿ ಹಿಡಿದು ನಿಧಾನ ಕೆಳಗಿಳಿಸಿದ. ಆರು ತಿಂಗಳು ಆ ಬೂಟನ್ನು ಬೈದುಕೊಂಡಿದ್ದ. ಅದನ್ನು ಕೋಣೆಯ ಬಾಗಿಲಿನಿಂದ ಹೊರಗೆಸೆದ ದಿನ ಎತ್ತಿಟ್ಟವನು ಮಾಲಿ. ಬೆನ್ನು ಸವರಿ ಸಮಾಧಾನ ಹೇಳಿದವನೂ ಅವನೇ.

"ಬಾ, ಕಾರ್ಯದರ್ಶಿ ಹತ್ರ ಹೋಗೋಣ," ಎಂದ ಅಳಿಯ. "ಹೇಳ್ತೀಯಾ?"

"ಹೇಳ್ತೀನಿ."

"ಹೇಳಿದ್ರೆ ನಂಬ್ತಾರೇನೋ?" ಅಕ್ಕನ ದನಿಯಲ್ಲಿ ಕೋಪಕ್ಕೂ ಶಕ್ತಿ ಇರಲಿಲ್ಲ. "ಒಣಗಿದ ನೆಲ ಅಂತ ಪರಿವೀಕ್ಷಕನ ಸಹಿ ಇದೆ. ಇನ್ನೊಂದು ಕಡೆ ನೀನು. ಜನರನ್ನ ಆಕಾಶಕ್ಕೆ ಹಾರಿಸೋನು. ಅಳಿಯನನ್ನ ಉಳಿಸೋಕೆ ಮಾವ ಹೊಸ ಕಥೆ ಕಟ್ಟಿದ ಅಂತಾರೆ. ನಗ್ತಾರೆ ಕಣೋ."

ಹೌದು, ನಗುತ್ತಾರೆ. ಇಷ್ಟು ವರ್ಷ ಅವನು ಬಯಸಿದ್ದೂ ಅದನ್ನೇ.

ಅಳಿಯ ಕಾಗದವನ್ನು ಮಗುಚಿ ಮಾವನ ಮುಂದೆ ತಳ್ಳಿದ, ಪೆನ್ನು ಕೊಟ್ಟ. "ಬರಿ. ನಡೆದಷ್ಟೇ ಬರಿ."

ಮಾಲಿ ಬರೆಯತೊಡಗಿದ. ಒಂದು ಸಾಲು, ಎರಡು ಸಾಲು. ನಾಲ್ಕನೆಯದಕ್ಕೆ ಪೆನ್ನು ತಡೆಯಿತು. ಅಷ್ಟಕ್ಕೇ ನಿಲ್ಲಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೂ ಬರೆದ. ಅಳಿಯ ಕಾಗದ ಎಳೆದುಕೊಂಡು ಅಮ್ಮನಿಗೆ ಕೇಳುವಂತೆ ಓದಿದ.

"ಗಡಿಯಾರದ ಕಡೆ ಮೂಲೆಗೆ ಎರಡು ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಟ್ಟೆ. ಯಾರ ಅಪ್ಪಣೆಯೂ ಇರಲಿಲ್ಲ. ಟಾಸ್ ಆದಾಗ ನಮ್ಮ ಹುಡುಗರೇ ಆ ಮೂಲೆಗೆ ಓಡುತ್ತಾರೆಂದು ನನಗೆ ತಿಳಿಯಿತು. ಕೂಗಿದ್ದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದೆ. ಪಕ್ಕದಲ್ಲಿ ಪರಿವೀಕ್ಷಕ ನಿಂತಿದ್ದ. ಕೆಲಸ ಹೋಗುವುದೆಂದು ಹದಿನಾರು ನಿಮಿಷ ಸುಮ್ಮನಿದ್ದೆ."

ಅಳಿಯ ತಲೆ ಎತ್ತಿದ. "ಟಾಸ್ ಆದ್ಮೇಲೆ ನಾನು ಮೈ ಬಿಸಿ ಮಾಡ್ಕೊಳ್ಳೋಕೆ ಓಡ್ತಾ ನಿನ್ನ ಮುಂದೆನೇ ಹೋದೆ. ಕೈ ಬೀಸ್ದೆ."

"ನಾನೂ ಬೀಸ್ದೆ."

"ಹದಿನಾರು ನಿಮಿಷನಾ?"

"ಟಾಸಿಗೂ ಆಟಕ್ಕೂ ನಡುವೆ ನಾಲ್ಕು, ನೀನು ಬೀಳೋವರೆಗೆ ಹನ್ನೆರಡು," ಎಂದ ಮಾಲಿ. "ಇದರಲ್ಲಿ ನಾನು ಒಂದನ್ನೂ ಸೇರಿಸಿಲ್ಲ ಕಣೋ."