ಅಜ್ಜಯ್ಯನ ತುತ್ತು

ಗಂಡಸರು ಚಟ್ಟ ಹೊತ್ತು ಅಂಗಳ ದಾಟುತ್ತಿದ್ದಂತೆ ನೆರೆಮನೆಯ ಸರಸಕ್ಕ ಕೊಡಪಾನದ ನೀರನ್ನು ಚಾವಡಿಗೆ ಹೊಯ್ದಳು. ಐತನ ಹೆಣದ ಬಾಯಿಗೆ ಕಡೆಯ ತುತ್ತೆಂದು ಎಲ್ಲರೂ ಸಾಲಾಗಿ ಬಂದು ಹಾಕಿದ ಅಕ್ಕಿಯಲ್ಲಿ ಚೆಲ್ಲಿಹೋದ ಕಾಳುಗಳು ನೀರಿನೊಂದಿಗೆ ಉರುಳಿದವು. ನೀರು ಮಂಚದ ಅಡಿಗೆ ನುಗ್ಗುವುದನ್ನು ಕಂಡು ಹರಿಣಾಕ್ಷಿ ಓಡಿಬಂದಳು.

"ನಿಲ್ಲಿ ಸರಸಕ್ಕ! ಅಪ್ಪಯ್ಯನ್ ಕಲ್ಲ್ ಪೂರಾ ಅಡಿಗಿತ್ತ್."

"ಕಲ್ಲಿಗ್ ನೀರ್ ತಾಗಿರೆ ಎಂತ ಆತ್ತೇ ಮಾರಾಯ್ತಿ? ಶೀತವಾ?"

ಗೋಡೆಗೊರಗಿ ಕುಳಿತಿದ್ದ ಹರಿಣಾಕ್ಷಿಯ ತಾಯಿ ಚಂದ್ರಮತಿ ಈಗ ತಲೆಯೆತ್ತಿದಳು. "ಒಂದಕ್ಕೆ ಆತ್ತ್. ಬಾಟ್ಲಿ ನೀಲಿದ್ ಕಾಣ್ ಮಗಾ."

ಹರಿಣಾಕ್ಷಿ ಮಂಚದ ಅಡಿಯ ಟ್ರಂಕನ್ನು ಹೊರಗೆಳೆದು ಮುಚ್ಚಳ ತೆಗೆದಳು. ಹಳೆ ಲುಂಗಿಯ ಚೂರುಗಳಲ್ಲಿ ಸುತ್ತಿದ ಕಲ್ಲುಗಳು ಇದ್ದಲ್ಲೇ ಇದ್ದವು. ಉಂಗುರ ಉಂಗುರ ಗೆರೆಗಳ ಹಸಿರು ಮ್ಯಾಲಕೈಟ್, ಕಡು ನೀಲಿಯ ಅಝುರೈಟ್, ಒಣಗಿದ ಕಡ್ಡಿಯಂತೆ ಕವಲೊಡೆದ ಹಸಿ ತಾಮ್ರ. ಮೂಲೆಯಲ್ಲಿ ಗಾಜಿನ ಬಾಟಲಿ. ಅದರ ಮುಚ್ಚಳಕ್ಕೆ ಹಾಕಿದ್ದ ಮೇಣ ಒಡೆದಿತ್ತು. ತಳದಲ್ಲಿ ಚಿಟಿಕೆ ನೀಲಿ ಹುಡಿಯ ಹೊರತು ಏನೂ ಇರಲಿಲ್ಲ.

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಅಮ್ಮ, ಪ್ರೇಕ್ಷಾ ಎಲ್ಲಿತ್ತ್?"

ಐದು ವರ್ಷದ ಮಗಳನ್ನು ಹೆಣ ಎತ್ತಿದ ಮೇಲೆ ಯಾರೂ ಕಂಡಿರಲಿಲ್ಲ.

*

ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ ಐತ, ಮೀನು ಹಿಡಿಯುವ ಮನೆತನವನ್ನು ಶಿರೂರಿನಲ್ಲೇ ಬಿಟ್ಟು, ರಾಜಸ್ಥಾನದ ಯಾವುದೋ ತಾಮ್ರದ ಗಣಿಯ ಕ್ಯಾಂಟೀನಿನಲ್ಲಿ ಅಡುಗೆಗೆ ನಿಂತವನು. ಚೆಂದದ ಕಲ್ಲು ಸಿಕ್ಕರೆ ಕೆಲಸದವರು ಅವನಿಗೆಂದೇ ತೆಗೆದಿಡುತ್ತಿದ್ದರು.

"ಬೊಂಬಾಯಿಗ್ ಹೋದವ್ರ್ ಟೀವಿ ತಂದ್ರ್, ನಮ್ ಐತ ಕಲ್ಲ್ ತಂದ," ಎಂದು ಊರು ನಗುತ್ತಿತ್ತು. ಅವನೂ ನಗುತ್ತಿದ್ದ. ಸಂಜೆ ಮೊಮ್ಮಗಳನ್ನು ಬಚ್ಚಲೊಲೆಯ ಮುಂದೆ ಕೂರಿಸಿಕೊಂಡು, ಹಸಿರು ಕಲ್ಲಿನ ಹುಡಿಯನ್ನು ಒಂದು ಚಿಟಿಕೆ ಬೆಂಕಿಗೆ ಎಸೆಯುತ್ತಿದ್ದ. ಉರಿ ಹಸಿರಾಗುತ್ತಿತ್ತು.

"ಕಂಡ್ಯಾ? ಒಳಗ್ ತಾಮ್ರ ಇದ್ರೆ ಬೆಂಕಿ ಹೇಳತ್ತ್."

ಬಾಟಲಿಯ ನೀಲಿಯದನ್ನು ಮಾತ್ರ ಎಲ್ಲರಿಗೂ ತೋರಿಸುತ್ತಿರಲಿಲ್ಲ. ತೋಟಕ್ಕೆ ಹೊಡೆಯುವ ಮೈಲುತುತ್ತನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ. ಇದು ಬಿಟ್ಟುಹೋದ ತಾಮ್ರದ ಸುರಂಗದ ಗೋಡೆಯಲ್ಲಿ ತಾನಾಗಿ ಬೆಳೆದದ್ದು, ಟಗರಿನ ಕೊಂಬಿನ ಹಾಗೆ ಬಾಗಿ. ನೀರು ಸೋಕಿದರೆ ಕರಗಿಹೋಗುತ್ತದೆ. ಹೊಟ್ಟೆಗೆ ಹೋದರೆ ಜೀವ ತೆಗೆಯುತ್ತದೆ. ಮಳೆಗಾಲ ಬಂತೆಂದರೆ ಐತ ದಿನವೂ ಬಾಟಲಿಯ ಮೇಣ ಮುಟ್ಟಿ ನೋಡುತ್ತಿದ್ದ. ಅವನ ಬಾಯಲ್ಲಿ ಅದು ಬರೀ 'ತುತ್ತು'.

"ಅಜ್ಜಯ್ಯ, ತುತ್ತ್ ಅಂದ್ರೆ ತಿಂಬುದಲ್ದಾ?" ಎಂದು ಪ್ರೇಕ್ಷಾ ಒಮ್ಮೆ ಕೇಳಿದ್ದಳು.

"ಇದ್ ನೀ ತಿಂಬುಕಾಗ, ಮುಟ್ಟುಕೂ ಆಗ. ಇದ್ ನನ್ ತುತ್ತ್."

ಒಳಗೆ ಮೀನು ಹೆಚ್ಚುತ್ತಿದ್ದ ಹರಿಣಾಕ್ಷಿ ಅದನ್ನು ಕೇಳಿ ನಕ್ಕಿದ್ದಳು.

*

ಮನೆ, ಹಿತ್ತಿಲೆಲ್ಲ ಹುಡುಕಿದ ಮೇಲೆ ಸಿಕ್ಕಿದ ಪ್ರೇಕ್ಷಾ ಬಚ್ಚಲಿನ ಹಿಂದೆ, ತೆಂಗಿನ ಸಿಪ್ಪೆಯ ರಾಶಿಯ ಮರೆಯಲ್ಲಿ ಮುದುಡಿ ಕುಳಿತಿದ್ದಳು. ಬೆರಳ ತುದಿಗಳು ನೀಲಿ. ತುಟಿ ಬಿಗಿಯಾಗಿ ಮುಚ್ಚಿತ್ತು.

"ಬಾಟ್ಲಿಯಂಗಿದ್ದದ್ ಎಲ್ಲಿತ್ತ್? ತಿಂದ್ಯಾ?"

ಮಗು ಸಿಪ್ಪೆಯ ರಾಶಿಗೆ ಇನ್ನಷ್ಟು ಒತ್ತಿಕೊಂಡಿತು.

"ಬಾಯ್ ತೆಗಿ ಪುಟ್ಟಿ. ನಾ ಬೈತಿಲ್ಲೆ. ಬಾಯ್ ತೆಗಿ."

ಮಗು ಮುಖ ತಿರುಗಿಸಿತು. ಹರಿಣಾಕ್ಷಿ ಅದರ ದವಡೆ ಹಿಡಿದಳು. ಹಲ್ಲು ಕಚ್ಚಿಕೊಂಡ ಮಗುವಿನ ಗಂಟಲಿನಿಂದ ಸಣ್ಣ ನರಳಿಕೆ ಮಾತ್ರ ಹೊರಟಿತು. ಸರಸಕ್ಕ ಓಡಿಬಂದವಳು ಆ ಬೆರಳುಗಳನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು.

"ಉಪ್ಪ್‌ನೀರ್ ಕುಡ್ಸುವನಾ?"

"ಬ್ಯಾಡ, ಎಂತದೂ ಬ್ಯಾಡ. ಆಸ್ಪತ್ರೆಗ್ ಹೋಪ."

ಮಗುವನ್ನು ಎತ್ತಿಕೊಂಡು ಹರಿಣಾಕ್ಷಿ ಅಂಗಳಕ್ಕೆ ಓಡಿದಳು. ಹಿತ್ತಿಲಾಚೆ ಗಾಳಿಮರಗಳ ಸಂದಿನಲ್ಲಿ ಚಿತೆ ಹತ್ತಿಕೊಂಡಿತ್ತು.

"ಹ್ವಾಯ್! ಕಾರ್ ತೆಗಿನಿ! ಬೈಂದೂರಿಗ್ ಹೋಯ್ಕ್!"

ಗಂಡ ರತೀಶ್ ಚಿತೆಯ ಬಳಿಯಿಂದ ಒದ್ದೆ ಪಂಚೆಯಲ್ಲೇ ಓಡಿಬಂದ. "ಎಂತ ಆಯ್ತೇ?"

"ಅಪ್ಪಯ್ಯನ್ ತುತ್ತ್ ತಿಂದಿತ್ತ್ ಕಾಂತ್. ಬೇಗ!"

ಅವನು ಮಗುವಿನ ಕೈ ನೋಡಿದ. ಬೀಗದ ಕೈ ನೆಲಕ್ಕೆ ಬಿತ್ತು, ಹುಡುಕಿ ಎತ್ತಿಕೊಂಡ. ಎಂಜಿನ್ ಗುರುಗುಟ್ಟಿತು. ಮಗುವಿನ ಎದೆ ತನ್ನ ಎದೆಗೆ ಹಕ್ಕಿಯಂತೆ ಬಡಿಯುತ್ತಿರುವುದು ಹರಿಣಾಕ್ಷಿಗೆ ತಿಳಿಯುತ್ತಿತ್ತು. ಅದು ನಿಂತೀತೆಂದು ಅವಳು ಉಸಿರು ಹಿಡಿದೇ ಕಾರಿನ ಬಾಗಿಲು ಎಳೆದಳು.

ಹೆಗಲ ಮೇಲಿದ್ದ ಪ್ರೇಕ್ಷಾಳ ಬಾಯಿ ಆಗ ತೆರೆಯಿತು.

"ಅಮ್ಮ, ಕಾಣ್. ಅಜ್ಜಯ್ಯ ತಿಂತಾ ಇದ್ರ್."

"ಎಂತ?"

"ಸರಸಜ್ಜಿ ಹೇಳ್ದ್ರಲ್ದಾ, ಎಲ್ರೂ ಅಜ್ಜಯ್ಯಂಗೆ ಕಡಿ ತುತ್ತ್ ಹಾಕಿ ಅಂದ್. ನೀವೆಲ್ಲ ಅಕ್ಕಿ ಹಾಕ್ದ್ರಿ."

ಬೆಳಗ್ಗೆ ಸಾಲಿನಲ್ಲಿ ತನ್ನ ಮುಂದೆ ನಿಂತಿದ್ದ ಮಗಳ ಮುಚ್ಚಿದ ಮುಷ್ಟಿ ಹರಿಣಾಕ್ಷಿಯ ಕಣ್ಣಿಗೆ ಬಂತು. ಅದರೊಳಗೆ ಅಕ್ಕಿ ಇದೆಯೆಂದೇ ಅವಳು ತಿಳಿದಿದ್ದಳು.

"ನೀ... ಒಂಚೂರೂ ತಿಂದಿಲ್ಲೆ ಅಲ್ದಾ?"

"ಅದ್ ಅಜ್ಜಯ್ಯನ್ ತುತ್ತ್."

ಹರಿಣಾಕ್ಷಿ ನಿಧಾನವಾಗಿ ತಿರುಗಿದಳು. ಚಿತೆಯ ಸುತ್ತ ನಿಂತಿದ್ದ ಗಂಡಸರು ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಕಾಲ ಕಡೆ ಬೆಂಕಿ ಎಂದಿನ ಬಣ್ಣದ್ದೇ. ತಲೆಯ ಕಡೆ ಮಾತ್ರ, ಬಾಯಿ ಇರಬೇಕಾದ ಜಾಗದಿಂದ, ಉರಿ ಹಚ್ಚಹಸಿರಾಗಿ ಏಳುತ್ತಿತ್ತು.