ಹಿಂದಕ್ಕೆ ಹೋಗದ ಜೀಪು

ಪರಮಶಿವಯ್ಯನವರನ್ನು ಹಿಂದಿನಿಂದ ಕರೆದರೆ ತಿರುಗುತ್ತಿದ್ದದ್ದು ಮುಖವಲ್ಲ, ಇಡೀ ಆಳು. ಮೊದಲು ಪಾದ, ಆಮೇಲೆ ಸೊಂಟ, ಆಮೇಲೆ ಗುಂಡಿ ಕಿತ್ತುಹೋದ ಖಾಕಿ ಕೋಟಿನ ಸಮೇತ ಎದೆ, ಕಟ್ಟಕಡೆಗೆ ಮೀಸೆ. ಕರೆದವನಿಗೆ ತಾನು ಕರೆದದ್ದೇ ಅಪರಾಧವಾಯಿತೇನೋ ಅನ್ನಿಸುವಷ್ಟು ಗಂಭೀರವಾಗಿ ಅವರು ಎದುರು ನಿಂತುಬಿಡುತ್ತಿದ್ದರು. ಹೆಗ್ಗದ್ದೆಯ ಜನ ಇದಕ್ಕೆ ಸೊಕ್ಕು ಎಂದು ಹೆಸರಿಟ್ಟರು. ಜನಕ್ಕೇನು, ಬಗ್ಗಿದವನು ಒಳ್ಳೆಯವನು, ಬಗ್ಗದವನು ಸೊಕ್ಕಿನವನು. ಅವರ ಲೆಕ್ಕ ಅಷ್ಟಕ್ಕೇ ಮುಗಿಯುತ್ತದೆ.

ಎಸ್ಟೇಟಿನ ಹೆಣ್ಣಾಳುಗಳನ್ನು ಬೆಳಗ್ಗೆ ಗುಡ್ಡ ಹತ್ತಿಸಿ ಸಂಜೆ ಇಳಿಸುವುದು ಅವರ ಹಳೆಯ ಜೀಪಿನ ನಿತ್ಯವ್ರತ. ಆ ಜೀಪಿಗೆ ಕನ್ನಡಿಗಳಿಲ್ಲ. ಇದ್ದವು ಕೊಂಬೆಗಳಿಗೆ ಬಡಿದು ಒಡೆದ ಮೇಲೆ, ಶಿವ ಕುತ್ತಿಗೆ ಕೊಟ್ಟಿರುವಾಗ ಕನ್ನಡಿ ಯಾತಕ್ಕೆ ಎಂದು ಅವರು ಹಾಕಿಸಲೇ ಇಲ್ಲ. ಒಂದೇ ಗಾಡಿ ಹಿಡಿಸುವ ಆ ದಾರಿಗೆ ತನ್ನದೇ ಒಂದು ಕಟ್ಟಳೆ ಉಂಟು: ಎದುರುಬದುರಾದರೆ ಇಳಿಯುವ ಗಾಡಿ ಹಿಂದಕ್ಕೆ ಹೋಗಿ, ಅಗಲವಾದ ಜಾಗದಲ್ಲಿ ನಿಂತು, ಹತ್ತುವ ಗಾಡಿಗೆ ದಾರಿ ಬಿಡಬೇಕು. ಒಂದು ಕಾಲಕ್ಕೆ ಪರಮಶಿವಯ್ಯನವರು ಸೀಟಿನ ಮೇಲೆ ತೋಳು ಚಾಚಿ, ಹಿಂದಕ್ಕೆ ನೋಡುತ್ತ, ತಿರುವಿನ ಏರನ್ನು ಹಿಮ್ಮುಖವಾಗಿಯೇ ಏರುತ್ತಿದ್ದ ವೈಖರಿಗೆ ಆಳುಗಳು ಎಲೆಅಡಿಕೆ ಜಗಿಯುವುದನ್ನು ಮರೆತು ಕೂರುತ್ತಿದ್ದರು. ಅಂಥವರು ಎರಡು ವರ್ಷದಿಂದ ಹಿಂದಕ್ಕೆ ಹೋಗುವುದನ್ನೇ ಬಿಟ್ಟರು. ಎದುರಿಗೆ ಯಾರೇ ಬರಲಿ, ಎಂಜಿನ್ ಆರಿಸಿ ಕೈಕಟ್ಟಿ ಕೂತುಬಿಡುವುದು. ಹೊರೆ ಹೊತ್ತ ಪಿಕಪ್ಪುಗಳು ಬೈದುಕೊಳ್ಳುತ್ತ ಇಳಿಜಾರಿಗೆ ಜಾರಬೇಕು. ದೂರುಗಳು ಏರಿ, ಎಸ್ಟೇಟಿನ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಸುರೇಂದ್ರ ಕಡೆಗೆ ಹೇಳಿಯೇಬಿಟ್ಟ: ಇನ್ನೊಂದು ಸಲ ದಾರಿ ಕಟ್ಟಿದರೆ ಆಳುಗಳ ಟ್ರಿಪ್ಪು ಬೇರೆ ಗಾಡಿಗೆ. ಸ್ಟೀರಿಂಗ್ ಬಿಟ್ಟು ಜಗಲಿಯಲ್ಲಿ ಕೂರುವುದೆಂದರೆ ಆ ಮನುಷ್ಯನಿಗೆ ಬದುಕಿದ್ದೂ ಇಲ್ಲದ ಹಾಗೆ.

ನಿಜ ಗೊತ್ತಿದ್ದದ್ದು ಹೆಂಡತಿ ಸುಮಿತ್ರಮ್ಮನಿಗೆ ಮಾತ್ರ. ಕುತ್ತಿಗೆ ತಿರುಗಿಸಿದರೆ ತಲೆಯ ಹಿಂಬದಿಯಿಂದ ಭುಜದವರೆಗೆ ಕೆಂಡ ಎಳೆದಂಥ ನೋವು. ಬೆಳಗೋಡಿನ ಕ್ಷೌರದಂಗಡಿಯಲ್ಲಿ ನೆಟಿಕೆ ತೆಗೆಸಿದ್ದರು. ಎರಡು ದಿನ ಹಾಯೆನಿಸಿ ಮೂರನೆಯ ದಿನ ದುಪ್ಪಟ್ಟಾಯಿತು. ಡಾಕ್ಟರು ಕೊಟ್ಟ ಕುತ್ತಿಗೆ ಪಟ್ಟಿಯನ್ನು, ಬಾನೆಟ್ಟಿನೊಳಗೆ ಗಡಗಡ ಅಲ್ಲಾಡುತ್ತಿದ್ದ ಬ್ಯಾಟರಿಗೆ ಸುತ್ತಿದರು. ನೋವೆಂದು ಬಾಯಿಬಿಟ್ಟರೆ ಜೀಪಿನ ಕೀಲಿಕೈ ಕೈತಪ್ಪುತ್ತದೆ. ಸೊಕ್ಕೆಂದರೆ ಅನ್ನಲಿ, ಕೀಲಿಕೈ ಸೊಂಟದಲ್ಲೇ ಇರುತ್ತದೆ.

ಹೀಗಿರುವಾಗ ಅದೇ ತಿರುವಿನಲ್ಲಿ ಎದುರಾದವಳು ನೇತ್ರಾವತಿ. ಸಕಲೇಶಪುರದಲ್ಲಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳು, ಎಸ್ಟೇಟಿನ ಆಳುಗಳ ಲೈನಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬಾಕೆಯನ್ನು ನೋಡಲು ಹೊರಟಿದ್ದಳು. ಇವರು ಯಥಾಪ್ರಕಾರ ಕೈಕಟ್ಟಿದರು. ಆಕೆ ಕಾರಿನಿಂದಿಳಿದು, ಜೀಪಿನ ಹಿಂದೆ ಜಾಗವಿದೆಯೇ ಎಂದು ನೋಡಲು ಹೋಗಿ, ಅಲ್ಲಿಂದಲೇ ಕೂಗಿದಳು. ಸೀಟಿನ ಮೇಲೆ ಇಡೀ ಪರಮಶಿವಯ್ಯ ತಿರುಗಿದರು. ಅವಳು ಹತ್ತಿರ ಬಂದು ದನಿ ತಗ್ಗಿಸಿದಳು.

“ನಿಮಗಿರೋದು ಹಟ ಅಲ್ಲ ಅಯ್ನೋರೆ, ಕುತ್ತಿಗೆ ನೋವು.”

“ನನ್ ಕುತ್ತಿಗೆ ಉಸಾಬರಿ ನಿಮಗ್ಯಾಕೆ ತಾಯಿ?” ಎಂದು ಇವರು ಸಿಡುಕಿದರು. ಅವಳು ತಾನೇ ಕಾರನ್ನು ಹಿಂದಕ್ಕೆ ತೆಗೆದಳು, ಯಾರಿಗೂ ಹೇಳಲಿಲ್ಲ. ಹೇಳಲಿಲ್ಲವೆಂಬ ಆ ಒಂದು ಕಾರಣಕ್ಕೇ ಮುಂದಿನ ಸೋಮವಾರ ಅವಳ ಕೋಣೆಯ ಬೆಂಚಿನ ಮೇಲೆ ಖಾಕಿ ಕೋಟು ಕೂತಿತ್ತು.

ಮಲಗಿಸಿ, ಕತ್ತಿನ ಕೆಳಗೆ ಬಿ.ಪಿ. ನೋಡುವಂಥ ಗಾಳಿಚೀಲ ಇಟ್ಟು, ಒತ್ತಡ ತೋರಿಸುವ ಅದರ ಮುಳ್ಳಿನ ತಟ್ಟೆಯನ್ನು ಕೈಗೆ ಕೊಟ್ಟು, ಗದ್ದವನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ, ಮುಳ್ಳು ಕೂದಲೆಳೆಯಷ್ಟು ಏರಬೇಕು ಎಂದಳು. ಕಾಫಿ ಮೂಟೆಗಳನ್ನು ಹೊತ್ತ ಕತ್ತು. ಅದಕ್ಕೆ ಮೆಲ್ಲಗೆ ಎಂಬುದೇ ತಿಳಿಯದು. ಮುಳ್ಳು ಹಾರಿ ಎಲ್ಲಿಗೋ ಹೋಯಿತು, ಹೊರಗಿನ ಸ್ನಾಯುಗಳು ಹಗ್ಗದಂತೆ ಉಬ್ಬಿದವು. ಒಳಗಿನ ಸಣ್ಣ ಸ್ನಾಯುಗಳು ಕೆಲಸ ಮರೆತು ಕೂತಿವೆ, ಅವುಗಳ ಪಾಲನ್ನೂ ಹೊರಗಿನವು ಎಳೆದು ಎಳೆದು ಬೇಯುತ್ತಿವೆ ಎಂದಳು. ಆಮೇಲೆ ತಲೆಗೆ ಟಾರ್ಚು ಕಟ್ಟಿ, ಗೋಡೆಯ ಗುರುತಿಗೆ ಬೆಳಕು ಹಿಡಿಸಿ, ಕಣ್ಣು ಮುಚ್ಚಿ ತಲೆ ತಿರುಗಿಸಿ ಮತ್ತೆ ನೇರಕ್ಕೆ ಬನ್ನಿ ಎಂದಳು. ಕಣ್ಣು ತೆರೆದರೆ ಬೆಳಕು ಗುರುತಿನಿಂದ ಒಂದು ಗೇಣು ದೂರ. ಪರಮಶಿವಯ್ಯನವರು ಸೋಲೊಪ್ಪಿಕೊಂಡರೇ? ಗುರುತನ್ನು ನೀವೇ ಸರಿಸಿದಿರಿ ಎಂದು ಜಗಳಕ್ಕೇ ನಿಂತರು.

ಅವಳೇನು ಕಡಿಮೆಯವಳೇ! “ಏರಲ್ಲಿ ನಿಂತ ಗಾಡೀನ ಬ್ರೇಕಿಲ್ದೆ ಕ್ಲಚ್ಚಲ್ಲೇ ಹೆಂಗೆ ಹಿಡೀತೀರ? ಹಂಗೆ ಹಿಡೀರಿ ಕತ್ತನ್ನ,” ಎಂದಳು. ಅದು ನಾಟಿತು. ಅಂದಿನಿಂದ ಕಾಫಿ ಸ್ಟೋರಿನ ಮುಂದೆ ಕಾಯುವಾಗ, ಮನೆಯ ಚಾಪೆಯ ಮೇಲೆ, ಆ ಸಣ್ಣ ಬಾಗು ನಡೆದೇ ನಡೆಯಿತು. ಊರಲ್ಲಿ ಯಾರಿಗೂ ತಲೆಯಾಡಿಸದ ಗಂಡ ಮನೆಯ ಸೂರಿಗೆ ತಲೆಯಾಡಿಸುತ್ತಾನೆಂದು ಸುಮಿತ್ರಮ್ಮ ನಕ್ಕರು. ತಿಂಗಳುಗಳು ಕಳೆದವು. ಬೆಳಕು ಒಂದು ಗೇಣಿನಿಂದ ನಾಲ್ಕು ಬೆರಳಿಗೆ, ನಾಲ್ಕರಿಂದ ಒಂದಕ್ಕೆ ಬಂತು. ಅಷ್ಟು ದಿನವೂ, ಯಾವ ಗಾಡಿಗೂ ಎದುರಾಗದಂತೆ ದಾರಿ ಖಾಲಿಯಾಗುವವರೆಗೆ ಕಾದು ಇಳಿಯುತ್ತಿದ್ದರು.

ಆದರೆ ಕಾಫಿ ಹಣ್ಣಾದ ಕಾಲದಲ್ಲಿ ದಾರಿ ಖಾಲಿಯಿರುವುದುಂಟೇ? ಒಂದು ಸಂಜೆ ಜೀಪಿನ ತುಂಬ ಆಳುಗಳು, ತಿರುವಿನಲ್ಲಿ ಗೊಬ್ಬರ ತುಂಬಿದ ಪಿಕಪ್ಪು, ಅದನ್ನು ಓಡಿಸುತ್ತಿದ್ದವನು ಸಾಕ್ಷಾತ್ ಸುರೇಂದ್ರ. ಅವನು ಹಲ್ಲು ಕಚ್ಚಿ ರಿವರ್ಸಿಗೆ ಹಾಕುವಷ್ಟರಲ್ಲಿ ಪರಮಶಿವಯ್ಯನವರು ಕೈಯೆತ್ತಿ ತಡೆದರು. ಸೀಟಿನ ಮೇಲೆ ತೋಳು ಚಾಚಿದರು. ತಿರುಗಿದ್ದು ಕುತ್ತಿಗೆ, ಕುತ್ತಿಗೆಯೊಂದೇ; ಕೋಟು ಇದ್ದಲ್ಲೇ ಇತ್ತು. ಜೀಪು ಗುನುಗುತ್ತ, ಬಳುಕದೆ, ಹಿಮ್ಮುಖವಾಗಿ ತಿರುವೇರಿ ಅಗಲದ ಜಾಗದಲ್ಲಿ ನಿಂತಿತು. ಪಕ್ಕಕ್ಕೆ ಬಂದ ಸುರೇಂದ್ರ, ಅಯ್ನೋರ ಸೊಕ್ಕು ಇಳಿಯಿತೇ ಎಂದು ಕೇಳಿದ.

“ಇಷ್ಟ್ ದಿನ ಕತ್ತು ತಿರುಗ್ತಿರ್ಲಿಲ್ಲ ಕಣೋ, ಅದಕ್ಕೇ ಹೋಗ್ತಿರ್ಲಿಲ್ಲ,” ಎಂದರು ಅವರು, ಅಷ್ಟೂ ಆಳುಗಳ ಎದುರಿಗೆ. “ಈಗ ತಿರುಗ್ತೈತೆ. ಸೊಕ್ಕು ಇದ್ದಂಗೇ ಐತೆ.”

ಟ್ರಿಪ್ಪು ಅವರಲ್ಲೇ ಉಳಿಯಿತು. ಜೀಪಿಗೆ ಕನ್ನಡಿ ಇಂದಿಗೂ ಇಲ್ಲ.

ಇಂಥವರು ನಮ್ಮ ಗುಡ್ಡಗಳಲ್ಲಿ ಬೇಕಾದಷ್ಟು ಮಂದಿ. ನೊಂದೆನೆಂದು ಹೇಳಿದರೆ ಕೈಲಿದ್ದ ಕೆಲಸವನ್ನೇ ಕಸಿದುಕೊಳ್ಳುವ ಲೋಕದ ಎದುರು, ನೋವಿಗೆ ಹಟದ ಕೋಟು ತೊಡಿಸಿ ನಡೆಯುವವರು. ಅವರಿಗೆ ವಿನಯ ಕಲಿಸುತ್ತೇವೆಂದು ಹೊರಡುವ ನಾವು, ಮೊದಲು ಎಲ್ಲಿ ನೋಯುತ್ತದೆಂದು ಕೇಳುವುದನ್ನು ಕಲಿಯಬೇಕು. ನೋವು ವಾಸಿಯಾಗಲಿ. ಹಟ ವಾಸಿಯಾಗುವುದು ಬೇಡ. ಆ ಏರಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಅದೇ.