ಯೂಸುಫನ ಅಮ್ಮ

"ಬಲಗಡೆಯಿಂದ ಹಾಕು ಮಗಳೇ. ಮೊದಲು ಬಲಗಡೆ," ಎಂದಳು ಮಸೀದಿಯಲ್ಲಿ ಶವಸ್ನಾನ ಮಾಡಿಸುವ ಎಮಿನೆ ಹಜ್ಜಮ್ಮ.

ನುರ್ಗುಲ್ ತಂಬಿಗೆಯ ಬೆಚ್ಚನೆ ನೀರನ್ನು ತಾಯಿಯ ಬಲಭುಜದ ಮೇಲೆ ಸುರಿದಳು. ನೀರು ಉಕ್ಕಿನ ಮೇಜಿನ ಮೇಲೆ ಹರಿದು ತೂತಿನಲ್ಲಿ ಇಳಿದುಹೋಯಿತು. ಮೈಗೆ ಹೊದಿಸಿದ್ದ ಬಿಳಿ ಬಟ್ಟೆ ಒದ್ದೆಯಾಗಿ ಅಂಟಿಕೊಂಡಿತು. ಮಯ್ಯತ್ತಿನ ಮೇಲೆ ಕಣ್ಣೀರು ಬೀಳಬಾರದು ಎಂದು ಹಜ್ಜಮ್ಮ ಮೊದಲೇ ಎಚ್ಚರಿಸಿದ್ದಳು. ಅದರ ಅಗತ್ಯವಿರಲಿಲ್ಲ. ಹಲ್ಲು ಕೀಳುವ ಮುಂಚೆ ಚುಚ್ಚುಮದ್ದು ಕೊಟ್ಟಾಗ ಕೆನ್ನೆ ಹೇಗಿರುತ್ತದೋ, ಅಮ್ಮ ಹೋದಾಗಿನಿಂದ ನುರ್ಗುಲ್‌ಳ ಮೈಯೆಲ್ಲ ಹಾಗಿತ್ತು.

"ನಿಮ್ಮಮ್ಮ ಫಾದಿಮೆಯ ಕೈ ನೋಡು. ವೃದ್ಧಾಶ್ರಮದ ಹಾಸಿಗೆ ಬಟ್ಟೆ ಎಲ್ಲ ಇದೇ ಕೈಯಲ್ಲಿ ಒಗೆದ್ಲು. ಈಗ ಮಗುವಿನ ಕೈ ಥರ ಆಗಿದೆ."

ಬಾಗಿಲ ಆಚೆಯಿಂದ ಅಣ್ಣ ಇಲ್ಯಾಸ್ ಕೂಗಿದ. "ಮುಗೀತಾ? ಡ್ರೈವರ್ ಕೇಳ್ತಿದಾನೆ."

"ಏನಂತೆ?"

"ಗಾಡಿ ಎಲ್ಲಿಗೆ ಅಂತ."

ನುರ್ಗುಲ್ ತಂಬಿಗೆಗೆ ಮತ್ತೆ ನೀರು ತುಂಬಿಸಿಕೊಂಡಳು. ನಾರ್ವೆಯ ದ್ರಾಮ್ಮೆನ್ ಊರಿನ ಸಮಾಧಿ ಭೂಮಿಯಲ್ಲಿ, ಮುಸ್ಲಿಮರಿಗೆಂದು ಬಿಟ್ಟ ಭಾಗದಲ್ಲಿ, ಹೆಪ್ಪುಗಟ್ಟಿದ ನೆಲ ಕರಗಿಸಿ ಗುಂಡಿ ತೋಡಿಸಿದ್ದಳು ಅವಳು. ಇಲ್ಯಾಸ್ ಅಪ್ಪನ ಊರು ಕೊನ್ಯಾಗೆ ಒಯ್ಯಲು ಸಂಜೆಯ ವಿಮಾನದಲ್ಲಿ ಶವಪೆಟ್ಟಿಗೆಗೆ ಜಾಗ ಮಾಡಿಸಿದ್ದ. ಇಬ್ಬರೂ ತಮ್ಮ ತಮ್ಮ ಏರ್ಪಾಡು ಬಿಟ್ಟುಕೊಟ್ಟಿರಲಿಲ್ಲ.

ಕಫನ್ ಬಟ್ಟೆ ಸುತ್ತಿ ಮುಗಿಸಿ ಅವಳು ಮಸೀದಿಯ ಚಹಾ ಕೋಣೆಗೆ ಬಂದಾಗ ಚಿಕ್ಕಪ್ಪ ದುರ್ಮುಷ್ ಗಾಜಿನ ಲೋಟದಲ್ಲಿ ಸಕ್ಕರೆ ಕದಡುತ್ತ ಕೂತಿದ್ದರು. ಅಪ್ಪನ ಜೊತೆ ಕೊನ್ಯಾದಿಂದ ಇಲ್ಲಿನ ಕಾಗದದ ಕಾರ್ಖಾನೆಗೆ ಕೆಲಸಕ್ಕೆ ಬಂದ ಮೊದಲಿಗರಲ್ಲಿ ಈಗ ಉಳಿದಿರುವುದು ಅವರೊಬ್ಬರೇ.

"ಅಪ್ಪ ಕೊನ್ಯಾದ ಮಣ್ಣಲ್ಲಿ ಮಲಗಿದಾರೆ," ಎಂದ ಇಲ್ಯಾಸ್. "ಯೂಸುಫಣ್ಣನೂ ಅಲ್ಲೇ ಇದಾನೆ. ಅಮ್ಮ ಒಬ್ಳೇ ಇಲ್ಲಿ, ಈ ಹಿಮದಲ್ಲಿ ಯಾಕೆ?"

"ಇಲ್ಲೇ ಮಣ್ಣು ಮಾಡಿ ಅಂದ್ಲು ಅಣ್ಣ. ನನ್ನ ಕೈ ಹಿಡ್ಕೊಂಡು ಹೇಳಿದ್ಲು."

"ಯಾಕೆ ಅಂತ ಹೇಳಿದ್ಲಾ?"

"ಇಲ್ಲ."

"ನೋಡು ಮತ್ತೆ! ಜ್ವರದಲ್ಲಿ ಏನೋ ಅಂದಿರ್ತಾಳೆ. ಚಿಕ್ಕಪ್ಪ, ನೀವಾದ್ರೂ ಹೇಳಿ."

ಚಿಕ್ಕಪ್ಪ ಕದಡುತ್ತಲೇ ಇದ್ದರು. ಸಕ್ಕರೆ ಯಾವಾಗಲೋ ಕರಗಿತ್ತು.

*

ಬೇಸಿಗೆ ರಜೆಯಲ್ಲಿ ಕೊನ್ಯಾದ ಹಳ್ಳಿಗೆ ಹೋದೊಡನೆ ಅಪ್ಪ ಮಕ್ಕಳನ್ನು ಗೋರಿಗಳ ದಿಬ್ಬಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಮೇಲೆ ಯೂಸುಫ್ ಎಂದು ಕೆತ್ತಿತ್ತು. ತಾವು ಹುಟ್ಟುವ ಮೊದಲೇ ತೀರಿಕೊಂಡ ಅಣ್ಣ ಎಂಬುದಷ್ಟೇ ಮಕ್ಕಳಿಗೆ ಗೊತ್ತಿತ್ತು. ಇಲ್ಯಾಸ್ ಹೂಜಿಯಿಂದ ನೀರೆರೆಯುತ್ತಿದ್ದ. ಒಂದು ಹನಿಯೂ ಹೊರಗೆ ಚೆಲ್ಲಬಾರದು ಎಂಬಂತೆ ಎರೆಯುತ್ತಿದ್ದ.

ಅಮ್ಮ ಮಾತ್ರ ಹತ್ತಿರ ಬರುತ್ತಿರಲಿಲ್ಲ. ಗೋಡೆಯ ಪಕ್ಕ ನಿಂತು ತಲೆವಸ್ತ್ರದ ಗಂಟು ಬಿಚ್ಚುತ್ತಿದ್ದಳು, ಕಟ್ಟುತ್ತಿದ್ದಳು.

"ನಿಮ್ಮಮ್ಮನಿಗೆ ನೋಡಕ್ಕಾಗಲ್ಲ," ಎನ್ನುತ್ತಿದ್ದರು ಅಪ್ಪ.

*

ಬಾಗಿಲು ತೆರೆದುಕೊಂಡಿತು. ಎದುರುಮನೆಯ ರಾಗ್ನ ಊರುಗೋಲು ಹಿಡಿದು ಒಳಗೆ ಬಂದಳು. ಎಂಬತ್ತು ದಾಟಿದ ನಾರ್ವೇಜಿಯನ್ ಹೆಂಗಸು. ಗುರುವಾರಗಳಂದು ಫಾದಿಮೆ ಅವಳ ಮನೆಗೆ ಹೆಣಿಗೆಗೆಂದು ಹೋಗುತ್ತಿದ್ದಳು. ತಲೆಗೆ ಏನು ಕಟ್ಟಿಕೊಳ್ಳಬೇಕೆಂದು ತಿಳಿಯದೆ ರಾಗ್ನ ಚಳಿಗಾಲದ ಉಣ್ಣೆ ಟೋಪಿಯನ್ನೇ ಕಿವಿಯವರೆಗೆ ಎಳೆದುಕೊಂಡಿದ್ದಳು.

"ಯಾವಾಗ ಹೊರಡೋದು?" ಎಂದು ಕೇಳಿದಳು.

"ವಿಮಾನ ಸಂಜೆಗೆ, ರಾಗ್ನಮ್ಮ," ಎಂದ ಇಲ್ಯಾಸ್.

"ಯಾವ ವಿಮಾನ?"

"ಊರಿಗೆ. ಅಪ್ಪನ ಹತ್ರ, ಯೂಸುಫಣ್ಣನ ಹತ್ರ."

ರಾಗ್ನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕೂರಲಿಲ್ಲ.

"ಯೂಸುಫ್ ಇಲ್ಲೇ ಇದಾನಲ್ಲಪ್ಪ," ಎಂದಳು. "ನಮ್ಮ ಅತ್ತೆ ಮಾವನ ಪಕ್ಕದಲ್ಲಿ."

ಹೊರಗೆ ಹಿಮ ಗುಡಿಸುವ ಗಾಡಿಯೊಂದು ಗರಗರ ಸದ್ದು ಮಾಡುತ್ತ ಹಾದುಹೋಯಿತು.

"ನಿಮಗೆ ಗೊತ್ತಿಲ್ವಾ?" ರಾಗ್ನ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಯ್ಯೋ ದೇವರೇ. ನಾನು ಹೇಳಬಾರದಿತ್ತೇನೋ."

"ಹೇಳಿ," ಎಂದಳು ನುರ್ಗುಲ್.

*

ಅದು ಎಪ್ಪತ್ತೇಳರ ಫೆಬ್ರವರಿ. ತನ್ನ ತಂದೆ ತೀರಿಕೊಂಡರೆಂದು ಫಾದಿಮೆಯ ಗಂಡ ದುರ್ಮುಷ್‌ನ ಜೊತೆ ಊರಿಗೆ ಹೋಗಿದ್ದ. ಮಗು ಯೂಸುಫನಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಫಾದಿಮೆ ರಾಗ್ನಳ ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಆಗ ಅವಳಿಗೆ ಬರುತ್ತಿದ್ದ ನಾರ್ವೇಜಿಯನ್ ಎಂದರೆ ಹಾಲು, ಬ್ರೆಡ್, ಧನ್ಯವಾದ. ಗಂಟನ್ನು ಚಾಚಿ, "ಚಳಿ," ಎಂದಳು. ಮಗು ತಣ್ಣಗಾಗಿತ್ತು.

ಮುಸ್ಲಿಮರನ್ನು ಹೂಳಲು ದ್ರಾಮ್ಮೆನ್‌ನಲ್ಲಿ ಆಗ ಒಂದಡಿ ನೆಲವಿರಲಿಲ್ಲ. ಪ್ರಾರ್ಥನೆ ಓದುವವರೂ ಇರಲಿಲ್ಲ. ರಾಗ್ನಳ ಗಂಡ ಸಮಾಧಿ ಭೂಮಿಯಲ್ಲಿನ ತಮ್ಮ ಮನೆತನದ ಜಾಗದಲ್ಲಿ ಹಾರೆಯಿಂದ ನೆಲ ಒಡೆದ. ಮಗುವನ್ನು ಯಾವ ದಿಕ್ಕಿಗೆ ಮಲಗಿಸಬೇಕು ಎಂದು ಕೈಸನ್ನೆಯಲ್ಲಿ ಕೇಳಿದ. ಫಾದಿಮೆ ದಿಕ್ಕು ತಿಳಿಯಲು ಸೂರ್ಯನನ್ನು ಹುಡುಕಿದಳು. ಮೋಡವಿತ್ತು. ಕೊನೆಗೆ ಸುಮ್ಮನೆ ಒಂದು ದಿಕ್ಕು ತೋರಿಸಿದಳು. ತನಗೆ ಬಾಯಿಪಾಠ ಬರುತ್ತಿದ್ದ ಒಂದೇ ಪ್ರಾರ್ಥನೆಯನ್ನು, ಮಲಗುವ ಮುನ್ನ ಮಕ್ಕಳು ಹೇಳುವಂಥದ್ದನ್ನು, ಹೇಳಿದಳು.

ಮರಳಿ ಬಂದ ಗಂಡ ಆ ಜಾಗಕ್ಕೆ ಒಮ್ಮೆಯೂ ಹೋಗಲಿಲ್ಲ.

*

"ಆ ಕಲ್ಲು?" ಇಲ್ಯಾಸ್ ಚಿಕ್ಕಪ್ಪನ ಕಡೆ ತಿರುಗಿದ. "ಚಿಕ್ಕಪ್ಪ, ಹಳ್ಳೀಲಿರೋ ಆ ಕಲ್ಲು?"

"ನಾನೇ ನಿಲ್ಲಿಸಿದ್ದು," ಎಂದರು ದುರ್ಮುಷ್. "ನಿಮ್ಮಪ್ಪ ಹೇಳಿದ. ಮಗನನ್ನ ಶಿಲುಬೆಗಳ ಮಧ್ಯೆ ಬಿಟ್ಟು ಬಂದ ಅಂತ ಜನ ಆಡ್ಕೋತಿದ್ರು. ಸಹಿಸಕ್ಕಾಗ್ಲಿಲ್ಲ ಅವನ ಕೈಲಿ."

"ಕೆಳಗೆ ಏನಿದೆ?"

"ಏನಿರತ್ತೆ? ಮಣ್ಣು."

"ನನ್ನ ಕೈಲಿ ನೀರು ಹಾಕಿಸ್ತಿದ್ರಲ್ಲ."

ಚಿಕ್ಕಪ್ಪ ಲೋಟ ಕೆಳಗಿಟ್ಟರು. "ಹಾಕಿಸ್ತಿದ್ವಿ," ಎಂದರು.

"ಗುರುವಾರ ಹೆಣಿಗೆ ಅಂತ ಹೇಳ್ತಿದ್ಲಾ?" ರಾಗ್ನ ಕೇಳಿದಳು. "ಅವಳಿಗೆ ಹೆಣಿಗೆ ಎಲ್ಲಿ ಬರ್ತಿತ್ತು! ಇಬ್ಬರೂ ಯೂಸುಫನ ಹತ್ರಾನೇ ಹೋಗ್ತಿದ್ವಿ. ದಾರಿಯ ಆ ಕಡೆ ನಿಮ್ಮವರಿಗೆ ಜಾಗ ಮಾಡಿಕೊಟ್ರಲ್ಲ, ಆವತ್ತು ಅವನ ಗೋರಿಯಿಂದ ಅಲ್ಲಿಗೆ ನಡೆದು ನೋಡಿದ್ಲು. ಹತ್ರ ಇದೆ ರಾಗ್ನ, ಅಂದ್ಲು."

ನುರ್ಗುಲ್‌ಗೆ ಈಗಲಾದರೂ ಅಳು ಬರಬೇಕಿತ್ತು. ಬರಲಿಲ್ಲ. ಮೇಜಿನ ಮೇಲೆ ಯಾರೋ ಚೆಲ್ಲಿದ್ದ ಚಹಾ ಅಂಚಿನವರೆಗೆ ಹರಿದು ನಿಂತಿತ್ತು. ಅದನ್ನೇ ನೋಡುತ್ತ ಕೂತಳು. ಅಮ್ಮ ಎಷ್ಟು ಸಲ ಆ ಗೋಡೆಯ ಪಕ್ಕ ನಿಂತಿರಬೇಕು ಎಂದುಕೊಂಡಳು. ಅದೂ ಬೇರೆ ಯಾರದೋ ಯೋಚನೆಯಂತೆ ಬಂದು ಹೋಯಿತು.

ಇಲ್ಯಾಸ್ ಎದ್ದು ಹೊರಗೆ ಹೋದ. ಅವನು ಡ್ರೈವರ್‌ಗೆ ಹೇಳುವುದು ತೆರೆದ ಬಾಗಿಲಿನಿಂದ ಕೇಳಿಸಿತು.

"ಸಮಾಧಿ ಭೂಮಿಗೆ ಹೋಗೋಣ. ಮೊದಲು ನಮಾಜ್ ಮುಗೀಲಿ."

ನಮಾಜ್ ಮುಗಿಯಿತು. ಗಾಡಿ ನದಿ ದಾಟಿತು. ಮಣ್ಣು ಹೆಪ್ಪುಗಟ್ಟಿ ಹೆಂಟೆಯಾಗಿತ್ತು, ಎಳೆದು ಹಾಕುವಾಗ ಕಲ್ಲಿನಂತೆ ಸದ್ದು ಮಾಡುತ್ತಿತ್ತು. ಇಲ್ಯಾಸ್ ಸಲಿಕೆಯನ್ನು ಬೇರೆಯವರಿಗೆ ಕೊಡಲಿಲ್ಲ. ದುರ್ಮುಷ್ ಒಮ್ಮೆ ಕೈ ಚಾಚಿದರು, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಹೆಂಗಸರು ದೂರದಲ್ಲಿ ನಿಂತಿದ್ದರು. ದಾರಿಯ ಆಚೆ ರಾಗ್ನಳ ಮನೆತನದ ಕಪ್ಪು ಕಲ್ಲು ಅರ್ಧ ಹಿಮದಲ್ಲಿ ಹೂತಿತ್ತು.

ಇಮಾಮರ ಪ್ರಾರ್ಥನೆ ಮುಗಿದು ಗಂಡಸರು ಹಿಂದೆ ಸರಿದ ಮೇಲೆ ರಾಗ್ನ ಮುಂದೆ ಬಂದಳು. ಗೋರಿಯ ಸುತ್ತ ಸಮಾಧಿ ಭೂಮಿಯವರು ಹಸಿರು ಚಾಪೆ ಹಾಸಿದ್ದರು. ಅದರ ಅಂಚಿನಲ್ಲಿ ಅವಳು ನಿಂತಳು. ಕೆಳಗೆ ನೋಡಿದಳು, ಸುತ್ತ ನೋಡಿದಳು. ನಂತರ ಊರುಗೋಲಿನ ಮೇಲೆ ಭಾರ ಹಾಕಿ ಬಾಗಿ, ಒಂದೊಂದಾಗಿ ಬೂಟು ಬಿಚ್ಚಿಟ್ಟು, ಬೂದು ಬಣ್ಣದ ಕಾಲುಚೀಲದಲ್ಲಿ ಚಾಪೆಯ ಮೇಲೆ ಕಾಲಿಟ್ಟಳು.

ಇಮಾಮರು ಏನೋ ಹೇಳಹೊರಟು, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟರು.

ಮತ್ತೆ ಹಿಮ ಬೀಳತೊಡಗಿತ್ತು. ಇಲ್ಯಾಸ್ ಸಲಿಕೆಯನ್ನು ನೆಲಕ್ಕೆ ಚುಚ್ಚಿ ಬಂದು ಆ ಬೂಟುಗಳನ್ನು ಎತ್ತಿಕೊಂಡ. ಒಳಗೆ ಬಿದ್ದಿದ್ದ ಹಿಮವನ್ನು ಕೊಡವಿದ. ಕೋಟಿನ ಗುಂಡಿ ಬಿಚ್ಚಿ ಎರಡನ್ನೂ ಎದೆಗೆ ಒತ್ತಿಟ್ಟುಕೊಂಡು ಮೇಲೆ ಕೋಟು ಮುಚ್ಚಿ, ಅವಳು ತಿರುಗಿ ಬರುವವರೆಗೂ ಹಾಗೇ ನಿಂತಿದ್ದ.